ಜೊತೆಗೆ ಹೋದವಳು ಕಂಡದ್ದು
(ಭದ್ರಾವತಿ ಆಕಾಶವಾಣಿಯ ಕೃಪೆಯಿಂದ)

ಪ್ರಯಾಣಕ್ಕೆ ಹೆಸರಿಡುವುದರಲ್ಲಿ ನಮ್ಮ ಭಾಷೆ ಎಂದೂ ಬಡವಾದುದಲ್ಲ. ದೇವರ ದರ್ಶನಕ್ಕೆ ಹೋದರೆ ಅದು ಯಾತ್ರೆ. ಊರುಕೇರಿಗಳನ್ನು ನೋಡಿಬರಲು ಹೋದರೆ ಪ್ರವಾಸ. ಗೊತ್ತುಗುರಿಯಿಲ್ಲದೆ ತಿರುಗಿದರೆ ಅಲೆದಾಟ. ಅನ್ನವನ್ನು ಅರಸಿ ಹೊರಟರೆ ವಲಸೆ. ಆದರೆ ಗಂಡ ತನ್ನ ವ್ಯಾಪಾರದ ಕೆಲಸಕ್ಕೆಂದು ಪರದೇಶಕ್ಕೆ ಹೊರಟು, ಹೆಂಡತಿಯೂ ಅವನ ಜೊತೆಯಲ್ಲಿ ಹೊರಟು, ಕೆಲಸ ಮುಗಿದ ಮೇಲೆ ಇಬ್ಬರೂ ಎರಡು ದಿನ ನಿಂತು ಆ ನಗರವನ್ನು ನೋಡಿಕೊಂಡು ಹಿಂದಿರುಗುವ ಈಚಿನ ಪರಿಪಾಠವೊಂದಿದೆಯಲ್ಲ, ಅದಕ್ಕೆ ಮಾತ್ರ ಇನ್ನೂ ಹೆಸರು ಹುಟ್ಟಿಲ್ಲ. ಹೆಸರಿಲ್ಲದ್ದರಿಂದಲೇ ಇರಬೇಕು, ಇಂಥ ಪ್ರಯಾಣದಿಂದ ಹಿಂದಿರುಗಿದ ಹೆಂಗಸನ್ನು ಜನ ಕೇಳುವ ಪ್ರಶ್ನೆ ಒಂದೇ: "ಅವರೇನೋ ಕೆಲಸಕ್ಕೆ ಹೋಗಿದ್ದರು. ನೀವು ಏತಕ್ಕೆ ಹೋಗಿದ್ದಿರಿ?" ಇದಕ್ಕೆ ನಾವು ಕೊಡುವ ಉತ್ತರವೂ ಒಂದೇ: "ಜೊತೆಗೆ."

ಈ 'ಜೊತೆಗೆ' ಎಂಬ ಮಾತನ್ನು ಕುರಿತೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ವ್ಯಾಪಾರಕ್ಕಾಗಿ ದೂರದೇಶಗಳಿಗೆ ಹೋಗುವುದು ನಮ್ಮ ಜಿಲ್ಲೆಗೆ ಹೊಸತೇನೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ದೊಡ್ಡ ಪಟ್ಟಣ. ವಿದ್ಯೆಗೂ ಹೆಸರಾದುದು, ವ್ಯಾಪಾರಕ್ಕೂ ಹೆಸರಾದುದು. ಆ ಕಾಲದಲ್ಲಿ ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಕೂಟ ದಕ್ಷಿಣ ದೇಶದಲ್ಲೆಲ್ಲ ಹಬ್ಬಿತ್ತು. ಅವರ ಹೆಸರನ್ನು ಹೊತ್ತ 1088ರ ತಮಿಳು ಶಾಸನವೊಂದು ಸಮುದ್ರದಾಚೆಯ ಸುಮಾತ್ರದಲ್ಲಿ ದೊರೆತಿದೆ. ಅವರ ಜೊತೆಯಲ್ಲಿ ಅವರ ಹೆಂಡಿರು ಹಡಗು ಹತ್ತಿದರೋ, ದಡದಲ್ಲಿ ನಿಂತು ಕೈಬೀಸಿದರೋ, ಕಲ್ಲಿನಲ್ಲಿ ಬರೆದಿಲ್ಲ. ಅದೇ ಶಿಕಾರಿಪುರ ಸೀಮೆಯ ಉಡುತಡಿಯಿಂದ ಹೊರಟು ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದ ಒಬ್ಬ ಹೆಣ್ಣುಮಗಳ ಹೆಸರು ಮಾತ್ರ ನಮಗೆಲ್ಲ ಗೊತ್ತು. ಆದರೆ ಅಕ್ಕಮಹಾದೇವಿ ಗಂಡನ ಜೊತೆಗೆ ಹೋದವಳಲ್ಲ, ಗಂಡನನ್ನು ಬಿಟ್ಟು ಹೋದವಳು. ಮನೆಯನ್ನೂ ಬಿಡದೆ, ಗಂಡನನ್ನೂ ಬಿಡದೆ ಲೋಕವನ್ನು ನೋಡಬಯಸುವ ಸಾಮಾನ್ಯ ಸಂಸಾರಸ್ಥೆಗೆ ಆ ಹಿರಿಯ ದಾರಿ ಒದಗುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿಗೆ ನಿಜವಾದ ಬೆಂಕಿ ಬಂದದ್ದು 1923ರಲ್ಲಿ, ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಾಗ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು, ಇವು ಮೂರೂ ಕೂಡಿ ಒಂದು ಹಳ್ಳಿಯನ್ನು ಪಟ್ಟಣವನ್ನಾಗಿ ಮಾಡಿದುವು. ಈ ಕಾರ್ಖಾನೆಯ ಹಿಂದೆ ಇದ್ದುದು ಒಂದು ರೀತಿಯಲ್ಲಿ ಪರದೇಶ ಪ್ರಯಾಣವೇ. ವಿಶ್ವೇಶ್ವರಯ್ಯನವರು 1898ರಲ್ಲಿಯೇ ಜಪಾನನ್ನು ಕಂಡುಬಂದಿದ್ದರು. ದಿವಾನಗಿರಿಯನ್ನು ಬಿಟ್ಟ ಮೇಲೆ ಮತ್ತೆ ಯೂರೋಪು ಅಮೆರಿಕಗಳನ್ನು ಸುತ್ತಿದರು. ಹೋದ ಕಡೆಯಲ್ಲೆಲ್ಲ ಕಾರ್ಖಾನೆ, ಶಾಲೆ, ಅಂಕಿ ಅಂಶ. ಅವರ ಪಾಲಿಗೆ ಪ್ರಯಾಣವೆಂದರೆ ಕೆಲಸದ ಇನ್ನೊಂದು ರೂಪ.

ಆ ಶಿಸ್ತು ಊರಿಗೂ ಇಳಿದು ಬಂದಿತ್ತು. ನಾನು ಚಿಕ್ಕವಳಾಗಿದ್ದಾಗ ನಮ್ಮ ವಸತಿಯಲ್ಲಿ 'ಫಾರಿನ್ನಿಗೆ ಹೋಗಿಬಂದವರು' ಎಂದು ಬೆರಳುಮಾಡಿ ತೋರಿಸುವಂಥ ಇಬ್ಬರು ಮೂವರು ಇಂಜಿನಿಯರುಗಳಿದ್ದರು. ತರಬೇತಿಗೆಂದು ಆರು ತಿಂಗಳೋ ವರ್ಷವೋ ಹೋಗಿದ್ದವರು. ಅವರ ಮನೆಗಳಿಗೆ ನೀಲಿ ಬಣ್ಣದ ತೆಳು ಕಾಗದದ ಪತ್ರಗಳು ಬರುತ್ತಿದ್ದುವು. ಹಿಂದಿರುಗುವಾಗ ಒಂದು ಕ್ಯಾಮೆರಾ, ಒಂದು ಉಣ್ಣೆಯ ಕಂಬಳಿ, ಮಕ್ಕಳಿಗೆ ಚಾಕೊಲೇಟು ಬರುತ್ತಿದ್ದುವು. ಆ ಪತ್ರಗಳನ್ನು ಓದಿ ಮಡಿಚಿಟ್ಟ ಹೆಂಗಸರಿಗೆ ಜರ್ಮನಿ ಎಂದರೆ ಟ್ರಂಕಿನ ತಳದಲ್ಲಿ ನುಸಿಗುಳಿಗೆಯ ವಾಸನೆಯ ಒಂದು ಕಂಬಳಿ, ಅಷ್ಟೆ. ಅವರು ಯಾರೂ ಅದಕ್ಕಾಗಿ ಕೊರಗಿದಂತೆ ನನಗೆ ನೆನಪಿಲ್ಲ. ಕೊರಗಬಹುದು ಎಂಬುದೇ ಅವರಿಗೆ ತಿಳಿದಿರಲಿಲ್ಲವೆಂದು ಕಾಣುತ್ತದೆ.

ಈಗ ಕಾಲ ಬೇರೆಯಾಗಿದೆ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಕಬ್ಬಿಣದ ಎರಕದ ಕಾರ್ಖಾನೆಗಳು ಬೆಳೆದಿವೆ. ನಮ್ಮ ಯಜಮಾನರದು ಇಂಥ ಎರಕದವರನ್ನು ನಂಬಿದ ಒಂದು ಸಣ್ಣ ಉದ್ಯಮ: ಮಾದರಿಗಳ ತಯಾರಿಕೆ. ಕೇಳುಗರಲ್ಲಿ ಕೆಲವರಿಗೆ ಇದು ಹೊಸದಾಗಿರಬಹುದು, ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕಬ್ಬಿಣವನ್ನು ಎರಕ ಹೊಯ್ಯಬೇಕಾದರೆ ಮೊದಲು ಮರಳಿನಲ್ಲಿ ಅಚ್ಚು ಮಾಡಬೇಕು. ಮರಳಿನಲ್ಲಿ ಅಚ್ಚು ಮೂಡಬೇಕಾದರೆ ಬೇಕಾದ ವಸ್ತುವಿನ ಆಕಾರವನ್ನು ಮರದಲ್ಲೋ ಲೋಹದಲ್ಲೋ ಮೊದಲು ಕಡೆದುಕೊಳ್ಳಬೇಕು. ಹಾಗೆ ಕಡೆದದ್ದೇ ಮಾದರಿ. ಕಬ್ಬಿಣ ತಣಿಯುವಾಗ ಎಷ್ಟು ಕುಗ್ಗುತ್ತದೆ ಎಂಬುದನ್ನು ಲೆಕ್ಕಹಾಕಿ ಮಾದರಿಯನ್ನು ಅಷ್ಟು ಹಿಗ್ಗಿಸಿ ಮಾಡುವ ಈ ಕಸಬು ಬಡಗಿಯದೂ ಹೌದು, ಗಣಿತಜ್ಞನದೂ ಹೌದು.

ಜರ್ಮನಿಯ ಡ್ಯೂಸೆಲ್ಡಾರ್ಫ್ ನಗರದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಎರಕದ ಉದ್ಯಮದ ದೊಡ್ಡ ಜಾತ್ರೆಯೊಂದು ನಡೆಯುತ್ತದೆ. 'ಗೀಫಾ' ಎಂದು ಅದರ ಹೆಸರು, 1956ರಲ್ಲಿ ಆರಂಭವಾದದ್ದು. 2023ರ ಜೂನ್ 12ರಿಂದ 16ರವರೆಗೆ ನಡೆದ ಜಾತ್ರೆಗೆ ಯಜಮಾನರು ಹೊರಟರು. ನಾನೂ ಜೊತೆಗೆ ಹೊರಟೆ.

ಹೊರಡುವ ಮೊದಲೇ ಈ 'ಜೊತೆ' ಎಷ್ಟು ಕಡೆ ವಿವರಣೆಯನ್ನು ಬೇಡುತ್ತದೆ ಎಂಬುದು ತಿಳಿಯಿತು. ವೀಸಾ ಅರ್ಜಿಯಲ್ಲಿ ಪ್ರಯಾಣದ ಉದ್ದೇಶವೇನೆಂದು ಒಂದು ಪ್ರಶ್ನೆ. ಅವರಿಗೆ ವ್ಯಾಪಾರವೆಂದು ಬರೆದಾಯಿತು. ನನಗೆ ಪ್ರವಾಸವೆಂದು ಬರೆದಾಯಿತು. ಒಂದೇ ವಿಮಾನ, ಒಂದೇ ಕೊಠಡಿ, ಒಂದೇ ದಿನ ಹಿಂದಿರುಗುವುದು; ಕಾಗದದಲ್ಲಿ ಮಾತ್ರ ನಾವು ಬೇರೆ ಬೇರೆ ಜಾತಿಯ ಪ್ರಯಾಣಿಕರು. ತಲಾ ಮೂವತ್ತು ಸಾವಿರ ಯೂರೋಗಳ ವೈದ್ಯಕೀಯ ವಿಮೆ ಇಲ್ಲದೆ ಒಳಗೆ ಬಿಡರು. ಆ ವಿಷಯದಲ್ಲಿ ಮಾತ್ರ ಇಬ್ಬರೂ ಸಮಾನರು. ಅನಂತರ ಲೆಕ್ಕಪರಿಶೋಧಕರ ಸರದಿ. ಖರ್ಚು ಸಂಪೂರ್ಣವಾಗಿ ಮತ್ತು ಕೇವಲ ವ್ಯಾಪಾರಕ್ಕಾಗಿಯೇ ಆಗಿರಬೇಕೆಂದು 1961ರ ಆದಾಯ ತೆರಿಗೆಯ ಕಾಯಿದೆ ಹೇಳುತ್ತಿತ್ತು. ವ್ಯಾಪಾರಕ್ಕೆ ಹೋದವನ ಹೆಂಡತಿಯ ಪ್ರಯಾಣದ ಖರ್ಚು ಆ ಮಾತಿನೊಳಗೆ ಬರುವುದೋ ಇಲ್ಲವೋ ಎಂಬ ವ್ಯಾಜ್ಯ ನಮ್ಮ ಉಚ್ಚ ನ್ಯಾಯಾಲಯಗಳವರೆಗೂ ಏರಿದ್ದುಂಟು. ನಾವು ಅಷ್ಟು ದೂರ ಹೋಗಲಿಲ್ಲ. ನನ್ನ ಟಿಕೇಟು ಮನೆಯ ಹಣದಿಂದ ಬಂತು. ಕೊಠಡಿಯ ಬಾಡಿಗೆ ಒಬ್ಬರಿಗೂ ಇಬ್ಬರಿಗೂ ಹೆಚ್ಚುಕಡಮೆ ಒಂದೇ ಆದುದರಿಂದ ಅಲ್ಲಿ ನಾನು ಲೆಕ್ಕಕ್ಕೆ ಸಿಕ್ಕದೆ ಉಳಿದೆ.

ಸೋಗಾನೆಯ ವಿಮಾನ ನಿಲ್ದಾಣದ ಉದ್ಘಾಟನೆ ಆ ವರ್ಷದ ಫೆಬ್ರವರಿಯಲ್ಲಿ ಆಗಿತ್ತಾದರೂ ಪ್ರಯಾಣಿಕರ ವಿಮಾನ ಬರತೊಡಗಿದ್ದು ಆಗಸ್ಟ್ ಕೊನೆಗೆ. ನಾವು ಎಂದಿನಂತೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿಯೇ ವಿಮಾನ ಹತ್ತಿದೆವು.

ಡ್ಯೂಸೆಲ್ಡಾರ್ಫ್ ರೈನ್ ನದಿಯ ದಂಡೆಯ ಮೇಲಿನ ನಗರ. ಜಾತ್ರೆಯ ಐದು ದಿನಗಳಲ್ಲಿ ಯಜಮಾನರು ಕಂಡ ನಗರವೆಂದರೆ ಬೆಳಗ್ಗೆ ಎಂಟಕ್ಕೆ ಹತ್ತುವ ಟ್ರಾಮು, ಉತ್ತರದ ಹೊರವಲಯದ ಭಾರಿ ಮಂಟಪಗಳು, ಎರಡು ಸಾವಿರಕ್ಕೂ ಮಿಕ್ಕ ಮಳಿಗೆಗಳ ಸಾಲು, ಸಂಜೆ ನೋಯುವ ಕಾಲು. ನಾನು ಆ ಹೊತ್ತಿನಲ್ಲಿ ಒಬ್ಬಳೇ ಊರು ನೋಡಿದೆ. ಹಳೆಯ ಪೇಟೆಯ ಓಣಿಯಲ್ಲಿ ಕವಿ ಹೈನೆ ಹುಟ್ಟಿದ ಸ್ಥಳವನ್ನು ಕಂಡೆ. ನದಿಯ ದಂಡೆಯಲ್ಲಿ ಹಿಂದೆ ವಾಹನಗಳ ಹೆದ್ದಾರಿ ಹರಿಯುತ್ತಿತ್ತಂತೆ. ಅದನ್ನು 1993ರಲ್ಲಿ ನೆಲದೊಳಗಿನ ಸುರಂಗಕ್ಕೆ ಇಳಿಸಿ, ಮೇಲಿನ ನೆಲವನ್ನು ನಡೆಯುವವರಿಗೆ ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ಬೆಂಚಿನ ಮೇಲೆ ಕುಳಿತು, ಕಲ್ಲಿದ್ದಲು ಹೊತ್ತ ದೋಣಿಗಳು ಹೋಗುವುದನ್ನು ಗಂಟೆಗಟ್ಟಲೆ ನೋಡಿದೆ. ಅಡಿಗೆಯ ಹೊತ್ತಾಯಿತೆಂದು ಯಾರೂ ನೆನಪುಮಾಡದ ಅಂಥ ಮಧ್ಯಾಹ್ನ ನನ್ನ ಆಯುಷ್ಯದಲ್ಲಿ ಅದಕ್ಕೆ ಮೊದಲು ಬಂದಿರಲಿಲ್ಲ.

ಆ ಊರಿನ ಬಿಲ್ಕರ್ ಬೀದಿಯಲ್ಲಿ ಒಂದು ಹಳೆಯ ಮನೆ ಇದೆ. ಸಂಗೀತಗಾರ ರಾಬರ್ಟ್ ಶೂಮಾನನೂ ಅವನ ಹೆಂಡತಿ ಕ್ಲಾರಾಳೂ ಸಂಸಾರ ಹೂಡಿದ್ದ ಮನೆ. 1850ರಲ್ಲಿ ಅವನು ಆ ನಗರದ ಸಂಗೀತ ನಿರ್ದೇಶಕನಾಗಿ ಬಂದ. ಮನಸ್ಸು ಕೆಟ್ಟು, 1854ರ ಫೆಬ್ರವರಿಯಲ್ಲಿ ರೈನ್ ನದಿಗೆ ಹಾರಿದ. ನದಿಯಿಂದ ಮೇಲೆತ್ತಿದರೂ ಮನೆಗೆ ಅವನು ಮರಳಲಿಲ್ಲ. ಎರಡು ವರ್ಷದ ಮೇಲೆ ಚಿಕಿತ್ಸಾಲಯದಲ್ಲಿ ತೀರಿಕೊಂಡ. ಇಷ್ಟು ಸಂಗೀತ ಬಲ್ಲವರಿಗೆಲ್ಲ ಗೊತ್ತು. ನನ್ನ ಮನಸ್ಸನ್ನು ಹಿಡಿದದ್ದು ಅದಕ್ಕೆ ಹತ್ತು ವರ್ಷ ಹಿಂದಿನ ಸಂಗತಿ. ಕ್ಲಾರಾ ಯೂರೋಪಿನಲ್ಲೆಲ್ಲ ಹೆಸರಾದ ಪಿಯಾನೋ ವಾದಕಿ. 1844ರಲ್ಲಿ ಅವಳು ರಷ್ಯಾದಲ್ಲಿ ಕಚೇರಿಗಳನ್ನು ನಡೆಸಲು ಹೊರಟಾಗ ರಾಬರ್ಟನೂ ಜೊತೆಗೆ ಹೋದ. ದುಡಿಮೆ ಅವಳದು, ಚಪ್ಪಾಳೆ ಅವಳದು. ಅವನು ಸುಮ್ಮನೆ ಜೊತೆಗೆ ಬಂದವನು. ಆ ಪ್ರಯಾಣದ ತಿಂಗಳುಗಳಲ್ಲಿ ಅವನ ಮೈಯೂ ಮನಸ್ಸೂ ಸೊರಗಿದ್ದುವು. ಜೊತೆಗೆ ಹೋಗುವುದರ ಕಷ್ಟ ಹೆಂಗಸರ ಪಾಲಿನದೇ ಎಂದು ಅದುವರೆಗೆ ಎಣಿಸಿದ್ದೆ. ಅಷ್ಟು ದೊಡ್ಡ ಕಲಾವಿದನನ್ನೂ ಅದು ಬಿಡಲಿಲ್ಲ. ಕೆಲಸವಿದ್ದವರಿಗೆ ಪರಸ್ಥಳದಲ್ಲಿ ಒಂದು ಗುರುತು ಇರುತ್ತದೆ. ಜೊತೆಗೆ ಹೋದವರು ಆ ಗುರುತನ್ನು ತಾವೇ ಕಂಡುಕೊಳ್ಳಬೇಕು. ಗಂಡ ಸತ್ತ ಮೇಲೆ ಕ್ಲಾರಾ ದಶಕಗಳ ಕಾಲ ಊರೂರು ತಿರುಗಿ, ಕಚೇರಿ ನಡೆಸಿ ಮಕ್ಕಳನ್ನು ಸಾಕಿದಳು. ಯೂರೋ ಬರುವುದಕ್ಕೆ ಮುಂಚಿನ ಜರ್ಮನಿಯ ನೂರು ಮಾರ್ಕಿನ ನೋಟಿನ ಮೇಲೆ ಇದ್ದುದು ಅವಳ ಮುಖ.

ಜಾತ್ರೆಯ ಮೂರನೆಯ ದಿನ ನಾನು ರೈಲು ಹತ್ತಿ ಡ್ಯೂಸ್‌ಬುರ್ಗ್ ಎಂಬ ನೆರೆಯ ಊರಿಗೆ ಹೋದೆ. ಡ್ಯೂಸೆಲ್ಡಾರ್ಫಿಗೂ ಅದಕ್ಕೂ ಇರುವ ದೂರ ಹೆಚ್ಚುಕಡಮೆ ಶಿವಮೊಗ್ಗಕ್ಕೂ ಭದ್ರಾವತಿಗೂ ಇರುವಷ್ಟೇ. ರೂರ್ ನದಿ ಅಲ್ಲಿ ಬಂದು ರೈನ್ ನದಿಯನ್ನು ಸೇರುತ್ತದೆ, ನಮ್ಮ ತುಂಗೆ ಭದ್ರೆಯರು ಕೂಡಲಿಯಲ್ಲಿ ಸೇರುವಂತೆ. ಅಷ್ಟೇ ಅಲ್ಲ, ಒಂದು ಊರು ಪೇಟೆ ಕಚೇರಿಗಳದು, ಇನ್ನೊಂದು ಊರು ಕಬ್ಬಿಣದ್ದು. ಅಲ್ಲಿನ ಮೈಡೆರಿಕ್ ಬಡಾವಣೆಯಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಥೈಸೆನ್ ಎಂಬ ಉದ್ಯಮಿ ಕಟ್ಟಿಸಿದ ಕಬ್ಬಿಣದ ಕಾರ್ಖಾನೆ 1985ರಲ್ಲಿ ಮುಚ್ಚಿತು. ಸಾಮಾನ್ಯವಾಗಿ ಆಗುವುದು ಗೊತ್ತೇ ಇದೆ: ಕೆಡವುವುದು, ಹಳೆಯ ಕಬ್ಬಿಣವಾಗಿ ಮಾರುವುದು, ನೆಲವನ್ನು ನಿವೇಶನ ಮಾಡುವುದು. ಆ ಊರಿನ ಜನ ಕೆಡವಕೂಡದೆಂದು ಹಟ ಹಿಡಿದರು. ಪೀಟರ್ ಲಾಟ್ಸ್ ಎಂಬ ಉದ್ಯಾನಶಿಲ್ಪಿಯ ಯೋಜನೆಯಂತೆ ಆ ಕಾರ್ಖಾನೆಯನ್ನು ಇದ್ದಲ್ಲೇ ಉಳಿಸಿ, 1994ರಲ್ಲಿ ಉದ್ಯಾನವಾಗಿ ತೆರೆದರು.

ಉದ್ಯಾನವೆಂದರೆ ಗುಲಾಬಿಯ ಮಡಿಗಳು ಎಂದು ತಿಳಿಯಬೇಡಿ. ಕುಲುಮೆ ಕುಲುಮೆಯಾಗಿಯೇ ನಿಂತಿದೆ, ತುಕ್ಕು ತುಕ್ಕಾಗಿಯೇ ಇದೆ. ಅದಿರು ತುಂಬುತ್ತಿದ್ದ ಕಣಜಗಳ ಗೋಡೆಗಳ ನಡುವೆ ಸಣ್ಣ ತೋಟಗಳು. ಆ ಗೋಡೆಗಳನ್ನೇ ಹುಡುಗರು ಬಂಡೆ ಹತ್ತುವಂತೆ ಹತ್ತುತ್ತಾರೆ. ಅನಿಲವನ್ನು ಕೂಡಿಡುತ್ತಿದ್ದ ದೊಡ್ಡ ತೊಟ್ಟಿಯಲ್ಲಿ ನೀರು ತುಂಬಿಸಿದ್ದಾರೆ, ಮುಳುಗುವ ಆಟಕ್ಕೆ. ಎರಕದ ಅಂಗಳದ ಕಬ್ಬಿಣದ ಹಲಗೆಗಳು ನಲವತ್ತೊಂಬತ್ತನ್ನು ತಂದು ಒಂದು ಚೌಕದಲ್ಲಿ ಹಾಸಿದ್ದಾರೆ. ಒಳಗೆ ಹೋಗಲು ಟಿಕೇಟಿಲ್ಲ, ಬಾಗಿಲು ಹಾಕುವ ಹೊತ್ತಿಲ್ಲ. ಐದನೆಯ ಕುಲುಮೆಯ ಮೆಟ್ಟಿಲುಗಳನ್ನು ಯಾರು ಬೇಕಾದರೂ ಹತ್ತಬಹುದು.

ನಾನು ಹತ್ತಿದೆ. ನನ್ನ ತಂದೆ ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಮೂವತ್ತು ವರ್ಷ ನಿಂತವರು. ಗೇಟಿನ ಒಳಗೆ ಅವರು ಹೋಗುವುದನ್ನು ಕಂಡಿದ್ದೆ, ಹೊರಗೆ ಬರುವುದನ್ನು ಕಂಡಿದ್ದೆ. ಒಳಗೆ ಅವರು ಎಲ್ಲಿ ನಿಲ್ಲುತ್ತಿದ್ದರೆಂದು ಕಂಡಿರಲಿಲ್ಲ. ಹೆಂಗಸರು ಮಕ್ಕಳು ಕುಲುಮೆಯ ಹತ್ತಿರ ಸುಳಿಯುವಂತಿರಲಿಲ್ಲ. ಕರಗಿದ ಕಬ್ಬಿಣ ಹೊರಬೀಳುವ ಬಾಯಿ, ಅದು ಹರಿದುಹೋಗುವ ಕಾಲುವೆ, ಅದರ ಪಕ್ಕದಲ್ಲಿ ಒಬ್ಬ ಮನುಷ್ಯ ನಿಲ್ಲಬಹುದಾದಷ್ಟು ಜಾಗ. ಇವನ್ನು ನಾನು ನೋಡಿದ್ದು ಅವರು ತೀರಿಹೋಗಿ ಎಷ್ಟೋ ವರ್ಷಗಳ ಮೇಲೆ, ಏಳೆಂಟು ಸಾವಿರ ಕಿಲೋಮೀಟರ್ ದೂರದ ಇನ್ನೊಬ್ಬರ ಊರಿನಲ್ಲಿ. ಆ ಬಾಯಿ ತಣ್ಣಗಿತ್ತು. ಕೈ ಇಟ್ಟು ನೋಡಿದೆ.

ಜಾತ್ರೆ ಮುಗಿದ ಮರುದಿನ ಶನಿವಾರ. ಆ ದಿನ ನಮ್ಮಿಬ್ಬರ 'ಪ್ರವಾಸ'ದ ಮೊದಲ ದಿನ. ಕೊಲೋನಿನ ಇಗರ್ಜಿಯನ್ನು ನೋಡುವುದೆಂದು ಊರಿನಲ್ಲೇ ತೀರ್ಮಾನವಾಗಿತ್ತು. 1248ರಲ್ಲಿ ಹಿಡಿದ ಕೆಲಸವನ್ನು 1880ರಲ್ಲಿ ಮುಗಿಸಿದ ಆ ಮಹಾ ಕಟ್ಟಡವನ್ನು ಭಾನುವಾರಕ್ಕೆ ಬಿಟ್ಟು ಯಜಮಾನರನ್ನು ಡ್ಯೂಸ್‌ಬುರ್ಗಿಗೆ ಕರೆದುಕೊಂಡು ಹೋದೆ. ನಾನು ಮುಂದೆ, ಅವರು ಹಿಂದೆ. ಟ್ರಾಮು ಯಾವುದು, ಇಳಿಯುವುದು ಎಲ್ಲಿ ಎಂಬುದನ್ನೆಲ್ಲ ಹೇಳುವವಳು ನಾನಾಗಿದ್ದೆ. ಆ ದಿನ ಜೊತೆಗೆ ಬಂದವರು ಅವರು.

ಎರಕದ ಅಂಗಳದಲ್ಲಿ ಅವರು ಬಹಳ ಹೊತ್ತು ಮಾತಿಲ್ಲದೆ ನಿಂತರು. ಆಮೇಲೆ, ಜಾತ್ರೆಯ ಎರಡನೆಯ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಒಂದು ವಿಷಯವನ್ನು ಅಲ್ಲಿ ಹೇಳಿದರು. ಮರಳನ್ನು ಪದರ ಪದರವಾಗಿ ಹರಡಿ, ನಡುನಡುವೆ ಅಂಟನ್ನು ಸಿಂಪಡಿಸಿ, ಗಣಕದ ಚಿತ್ರದಿಂದಲೇ ನೇರವಾಗಿ ಅಚ್ಚನ್ನು 'ಮುದ್ರಿಸುವ' ಯಂತ್ರಗಳನ್ನು ಅವರು ಮಳಿಗೆ ಮಳಿಗೆಯಲ್ಲಿ ಕಂಡಿದ್ದರು. ಅಂಥ ಯಂತ್ರಕ್ಕೆ ಮಾದರಿ ಬೇಡ. ಮಾದರಿ ಬೇಡವೆಂದರೆ ಮಾದರಿ ಕಡೆಯುವವನೂ ಬೇಡ. ಸಾವಿರಾರು ಸಂಖ್ಯೆಯಲ್ಲಿ ಎರಕ ಹೊಯ್ಯುವ ಕೆಲಸಕ್ಕೆ ಮಾದರಿ ಇನ್ನೂ ಬಹುಕಾಲ ಬೇಕು, ಆ ಯಂತ್ರದ ಬೆಲೆ ದೊಡ್ಡದು, ನಮ್ಮ ಕಡೆಗೆ ಅದು ಹಬ್ಬಲು ವರ್ಷಗಳು ಹಿಡಿಯುತ್ತವೆ ಎಂದೆಲ್ಲ ಅವರೇ ಸಮಾಧಾನದ ಲೆಕ್ಕವನ್ನೂ ಹೇಳಿದರು. ನಮ್ಮಲ್ಲಿ ದುಡಿಯುವ ಹನ್ನೊಂದು ಜನರ ಹೆಸರನ್ನು ಒಂದೊಂದಾಗಿ ಹೇಳಿ, ಯಾರಿಗೆ ಗಣಕದ ಕೆಲಸ ಕಲಿಸಬಹುದು, ಯಾರಿಗೆ ಕಲಿಯುವ ವಯಸ್ಸು ದಾಟಿದೆ ಎಂದು ಎಣಿಸಿದರು. ಶಿವಮೊಗ್ಗದ ಮನೆಯ ಊಟದ ಮೇಜಿನ ಮೇಲೆ ಈ ಮಾತು ಎಂದಾದರೂ ಬರುತ್ತಿತ್ತೆ? ನನಗೆ ಸಂದೇಹ. ವ್ಯಾಪಾರದ ಚಿಂತೆಯನ್ನು ಮನೆಯ ಹೊಸಿಲಿನ ಹೊರಗೆ ಬಿಟ್ಟು ಬರುವವರು ಅವರು. ಅಲ್ಲಿ ಮನೆಯೂ ಇರಲಿಲ್ಲ, ಹೊಸಿಲೂ ಇರಲಿಲ್ಲ.

ನಾವು ಹಿಂದಿರುಗಿದಾಗ ಭದ್ರಾವತಿಯಲ್ಲಿ ಮಳೆ ಹಿಡಿದಿತ್ತು. ಆ ವರ್ಷದ ಜನವರಿಯಲ್ಲಿ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಪ್ರಕಟವಾಗಿದ್ದು, ಗುತ್ತಿಗೆಯ ಕಾರ್ಮಿಕರು ಧರಣಿ ಕುಳಿತಿದ್ದರು. ಅದಕ್ಕೂ ಮೊದಲೇ, 2015ರಲ್ಲಿ, 1936ರಷ್ಟು ಹಳೆಯದಾದ ಕಾಗದದ ಕಾರ್ಖಾನೆ ನಿಂತುಹೋಗಿತ್ತು. ತಂದೆಯ ಜೊತೆಯಲ್ಲಿ ಕೆಲಸ ಮಾಡಿದ್ದ ಹಿರಿಯರೊಬ್ಬರ ಮನೆಗೆ ಹೋಗಿ ಡ್ಯೂಸ್‌ಬುರ್ಗಿನ ಚಿತ್ರಗಳನ್ನು ತೋರಿಸಿದೆ. ಅವರು ಪ್ರತಿಯೊಂದು ಚಿತ್ರವನ್ನೂ ದೊಡ್ಡದು ಮಾಡಿಸಿ ನೋಡಿದರು. ಇದು ಗಾಳಿಯ ಕೊಳವೆ, ಇದು ಕಿಟ್ಟ ಹೋಗುವ ದಾರಿ, ಇಲ್ಲಿ ನಿನ್ನ ಅಪ್ಪ ನಿಲ್ಲುತ್ತಿದ್ದ ಎಂದು ಬೆರಳಿಟ್ಟು ಹೇಳಿದರು. ಕೊನೆಗೆ ಫೋನನ್ನು ಹಿಂದಕ್ಕೆ ಕೊಡುತ್ತ, "ಚೆನ್ನಾಗಿ ಇಟ್ಟಿದ್ದಾರೆ ಕಣಮ್ಮ. ಆದರೆ ಇದು ಸತ್ತವರಿಗೆ ಮಾಡುವ ಮರ್ಯಾದೆ. ನಮ್ಮದಿನ್ನೂ ಉಸಿರಾಡುತ್ತಿದೆ" ಎಂದರು.

ಈ ಮಾತು ನನ್ನನ್ನು ತಡೆದು ನಿಲ್ಲಿಸಿತು. ಪರದೇಶದಿಂದ ಬಂದವರು ಅಲ್ಲಿ ಹಾಗಿದೆ, ಇಲ್ಲಿ ಏಕೆ ಹಾಗಿಲ್ಲ ಎಂದು ಹೇಳುವುದು ಸುಲಭ. ಕುಲುಮೆಯನ್ನು ಉದ್ಯಾನ ಮಾಡಿ ಎಂದು, ಕೂಲಿ ಉಳಿಯಲೆಂದು ಧರಣಿ ಕುಳಿತವರ ಮುಂದೆ ಹೇಳಲಾದೀತೆ? ಆ ಜರ್ಮನ್ ಊರಿನವರೂ ಮೊದಲು ಕೆಲಸವನ್ನು ಕಳೆದುಕೊಂಡು, ಅನಂತರ ತಮ್ಮ ನೆನಪನ್ನಾದರೂ ಉಳಿಸಿಕೊಳ್ಳೋಣವೆಂದು ನಿಂತವರೇ. ಆದರೂ ಒಂದು ಮಾತನ್ನು ಅಲ್ಲಿಂದ ತಂದಿದ್ದೇನೆ: ಕಾರ್ಖಾನೆ ನಡೆಯಲಿ ನಿಲ್ಲಲಿ, ಅದರ ಒಳಗೆ ತಮ್ಮ ಅಪ್ಪ ಅಜ್ಜಂದಿರು ಎಲ್ಲಿ ನಿಂತು ದುಡಿದರೆಂಬುದನ್ನು ನೋಡುವ ಹಕ್ಕು ಆ ಊರಿನ ಮಕ್ಕಳಿಗೆ ಇದೆ. ಅದಕ್ಕಾಗಿ ಅವರು ಜರ್ಮನಿಗೆ ಹೋಗಬೇಕಾಗಬಾರದು. ನಮ್ಮ ಕಾರ್ಖಾನೆಯ ಹಳೆಯ ಯಂತ್ರಗಳು, ನಕ್ಷೆಗಳು, ಹಾಜರಿ ಪುಸ್ತಕಗಳು, ದುಡಿದವರ ಬಾಯಿಮಾತಿನ ನೆನಪುಗಳು, ಇವನ್ನು ಕೂಡಿಡಲು ಕಾರ್ಖಾನೆ ಸಾಯುವವರೆಗೆ ಕಾಯಬೇಕೆಂದೇನೂ ಇಲ್ಲ.

ಜೊತೆಗೆ ಹೋದವಳು ನಾನು. ಕೆಲಸವಿದ್ದವರಿಗೆ ಬಿಡುವಿರಲಿಲ್ಲ, ನನಗೆ ಬಿಡುವಿತ್ತು. ಆ ಬಿಡುವಿನಲ್ಲಿ ನಾನು ಕಂಡದ್ದೂ, ಮಂಟಪಗಳ ಗದ್ದಲದಲ್ಲಿ ಅವರು ಕಂಡದ್ದೂ ಒಂದೇ ವಿಷಯದ ಎರಡು ಮುಖಗಳು: ಒಂದು ಕಸಬು ಹೇಗೆ ಮುಗಿಯುತ್ತದೆ, ಮುಗಿದ ಮೇಲೆ ಏನು ಉಳಿಯುತ್ತದೆ ಎಂಬುದು. ಒಬ್ಬರೇ ಹೋಗಿದ್ದರೆ ಅವರು ಹಿಂದಿನ ಕಾಲದ ಇಂಜಿನಿಯರುಗಳಂತೆ ಒಂದು ಕಂಬಳಿಯನ್ನೂ ಒಂದು ಗುಟ್ಟಾದ ಚಿಂತೆಯನ್ನೂ ತರುತ್ತಿದ್ದರು. ನಮ್ಮಲ್ಲಿ ಈಗ ಇಬ್ಬರು ಹುಡುಗರು ಗಣಕದಲ್ಲಿ ಮಾದರಿಯ ಚಿತ್ರ ಬರೆಯುವುದನ್ನು ಕಲಿಯುತ್ತಿದ್ದಾರೆ. ಅವರ ತರಬೇತಿಯ ಖರ್ಚುವೆಚ್ಚವನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಮುಂದಿನ ಜಾತ್ರೆ 2027ರಲ್ಲಿ. ಹೋಗುವುದಾದರೆ, ವೀಸಾ ಅರ್ಜಿಯಲ್ಲಿ ನನ್ನ ಉದ್ದೇಶವೇನೆಂದು ಬರೆಯಬೇಕೆಂಬುದನ್ನು ಈ ಸಲ ನಾನೇ ಯೋಚಿಸಿಕೊಳ್ಳಬೇಕಾಗಿದೆ.